‘ಪಾಪದ ಹುಡುಗಿ’ ಎಂದು ಸುಮ್ಮನಾಗುವ ಮೊದಲು: ಹೆಣ್ಣುಮಕ್ಕಳ ಆಟಿಸಂ ಗುರುತಿಸಲು ಮನೆಯವರು ಏನು ಮಾಡಬಹುದು

ನಮ್ಮ ಉಡುಪಿ ಕಡೆ ಒಂದು ಮಾತು ಉಂಟು, ‘ಪಾಪದ ಹುಡುಗಿ’. ಜಾಸ್ತಿ ಮಾತಿಲ್ಲ, ಹಠ ಇಲ್ಲ, ಹೇಳಿದ್ದು ಕೇಳುತ್ತಾಳೆ, ನೆಂಟರು ಬಂದರೆ ಒಳಗೆ ಹೋಗಿ ಕೂರುತ್ತಾಳೆ. ಹೊಗಳಿಕೆ ಎಂದುಕೊಂಡೇ ನಾವು ಇದನ್ನು ಹೇಳುತ್ತೇವೆ. ನನ್ನ ಮಗಳಿಗೂ 13 ವರ್ಷದ ತನಕ ಎಲ್ಲರೂ ಇದನ್ನೇ ಹೇಳಿದರು. ಅವಳಿಗೆ ಆಟಿಸಂ ಇದೆ ಎಂದು ಗೊತ್ತಾದದ್ದು ಆಮೇಲೆ. ಆಟಿಸಂ ಎಂದರೆ ರೋಗ ಅಲ್ಲ, ಮಿದುಳಿನ ಬೆಳವಣಿಗೆಯೇ ಬೇರೆ ಥರ ಇರುವುದು. ಜನರ ಜೊತೆ ಬೆರೆಯುವುದು, ಮಾತು, ಆಸಕ್ತಿ, ಇಂದ್ರಿಯಗಳ ಅನುಭವ ಎಲ್ಲ ಚಿಕ್ಕಂದಿನಿಂದಲೇ ಬೇರೆ ಥರ ಇರುತ್ತದೆ.

ನನ್ನ ಅಣ್ಣನ ಮಗನಿಗೂ ಆಟಿಸಂ. ಅವನದ್ದು 3 ವರ್ಷಕ್ಕೇ ಗೊತ್ತಾಗಿತ್ತು. ಮಾತು ತಡವಾಗಿತ್ತು, ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಸೈಕಲ್ ಮಗುಚಿ ಹಾಕಿ ಚಕ್ರ ತಿರುಗಿಸುತ್ತ ಕೂರುತ್ತಿದ್ದ. ಅಂಗನವಾಡಿ ಟೀಚರೇ ‘ಒಮ್ಮೆ ಡಾಕ್ಟರಿಗೆ ತೋರಿಸಿ’ ಎಂದರು. ಒಂದೇ ಕುಟುಂಬದ ಇಬ್ಬರು ಮಕ್ಕಳು, ಗೊತ್ತಾದ ವಯಸ್ಸಿನಲ್ಲಿ 10 ವರ್ಷದ ಅಂತರ. ಆ 10 ವರ್ಷ ನನ್ನ ಮಗಳು ಒಬ್ಬಳೇ ಒದ್ದಾಡಿದಳು. ಬೇರೆ ಮನೆಯ ಹುಡುಗಿಗೆ ಹಾಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಹುಡುಗಿಯರದ್ದು ಯಾಕೆ ಕಾಣುವುದಿಲ್ಲ?

ಆಟಿಸಂ ಬಗ್ಗೆ ಎಲ್ಲರೂ ನೆನೆಯುವ ಮೊದಲ ಬರಹ ಲಿಯೋ ಕ್ಯಾನರ್ ಅವರದ್ದು, 1943ರದ್ದು. ಅದರಲ್ಲಿ ಇದ್ದದ್ದು 11 ಮಕ್ಕಳು, ಅವರಲ್ಲಿ 3 ಹುಡುಗಿಯರು. ಮರುವರ್ಷ ಹಾನ್ಸ್ ಆಸ್ಪರ್ಗರ್ ವಿವರವಾಗಿ ಬರೆದದ್ದು 4 ಮಕ್ಕಳ ಬಗ್ಗೆ, ನಾಲ್ವರೂ ಹುಡುಗರು. ಇವರಿಬ್ಬರಿಗಿಂತ ಮೊದಲೇ, 1920ರ ದಶಕದಲ್ಲಿ, ಗ್ರುನ್ಯಾ ಸುಖರೇವಾ ಎಂಬ ಸೋವಿಯತ್ ವೈದ್ಯೆ ಹುಡುಗರ ಜೊತೆ ಹುಡುಗಿಯರ ಬಗ್ಗೆಯೂ ಬರೆದಿದ್ದರು. ಅವರ ಹೆಸರು ಎಷ್ಟೋ ಕಾಲ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಬಂದ ಅಧ್ಯಯನಗಳಲ್ಲೂ ಹುಡುಗರೇ ಜಾಸ್ತಿ. ಅವರನ್ನು ನೋಡಿಯೇ ಪ್ರಶ್ನಾವಳಿ ಮಾಡಿದರು. ಆ ಪ್ರಶ್ನಾವಳಿಯಲ್ಲಿ ಮತ್ತೆ ಹುಡುಗರೇ ಸಿಕ್ಕಿದರು. 4 ಗಂಡುಮಕ್ಕಳಿಗೆ 1 ಹೆಣ್ಣುಮಗು ಎಂಬ ಲೆಕ್ಕ ಹೀಗೆ ಗಟ್ಟಿಯಾಯಿತು. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ನೋಡಿದಾಗ ಅದು 3ಕ್ಕೆ 1ರ ಹತ್ತಿರ ಬಂತು. ಮೊದಲೇ ಗುರುತಿಸಿದವರನ್ನಷ್ಟೇ ಎಣಿಸಿದರೆ ಅಂತರ ಜಾಸ್ತಿ, ಊರಲ್ಲಿ ಹುಡುಕಿಕೊಂಡು ಹೋಗಿ ಪರೀಕ್ಷಿಸಿದರೆ ಕಡಿಮೆ. ಅಂದರೆ ಹುಡುಗಿಯರು ಇದ್ದಾರೆ, ಆಸ್ಪತ್ರೆಯ ತನಕ ಬರುತ್ತಿಲ್ಲ, ಅಷ್ಟೇ. ವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿಯೇ 2013ರಲ್ಲಿ ಇದನ್ನು ಒಪ್ಪಿತು. ಬುದ್ಧಿಮಟ್ಟ ಚೆನ್ನಾಗಿದ್ದು, ಮಾತು ತಡವಾಗದ ಹುಡುಗಿಯರು ಕಣ್ತಪ್ಪಿ ಹೋಗಬಹುದು ಎಂದು ಅದರಲ್ಲಿ ಬರೆದಿದೆ.

ಮೊದಲ ಹೆಜ್ಜೆ: ಮನೆಯ ಬಾಗಿಲ ಒಳಗೆ ನೋಡಿ

ನನ್ನ ಮಗಳು ಸಂಜೆ 4.30ಕ್ಕೆ ಶಾಲೆಯ ಬಸ್ಸಿನಿಂದ ಇಳಿಯುತ್ತಿದ್ದಳು. ಡ್ರೈವರಣ್ಣನಿಗೆ ನಕ್ಕು ಟಾಟಾ ಮಾಡುತ್ತಿದ್ದಳು. ಅಂಗಳ ದಾಟುವ ತನಕ ಆ ನಗು ಇರುತ್ತಿತ್ತು, ಶೂ ಬಿಚ್ಚುವಾಗ ಇರುತ್ತಿರಲಿಲ್ಲ. ಯೂನಿಫಾರಂ ಕೂಡ ಬದಲಿಸದೆ ಕಪಾಟಿಗೂ ಮಂಚಕ್ಕೂ ನಡುವೆ ಇರುವ ಎರಡಡಿ ಜಾಗದಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ‘ಚಾ ಬೇಕಾ?’ ಎಂದರೆ ಉತ್ತರ ಇಲ್ಲ. ಹಾಗೆ ಒಂದು ಗಂಟೆ. ನಾನು ಆಗ ಅದನ್ನು ಸೊಕ್ಕು ಎಂದುಕೊಂಡೆ. ಬೈದಿದ್ದೇನೆ ಕೂಡ. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಒಂದು ದಿನ ಅವಳ ಹಳೆ ಡೈರಿಯ ಕೊನೆಯ ಪುಟಗಳು ನನ್ನ ಕಣ್ಣಿಗೆ ಬಿದ್ದವು. ಉರುಟು ಅಕ್ಷರದಲ್ಲಿ ಬರೆದಿದ್ದಳು: ‘ಯಾರಾದರೂ ಹೊಸ ಕ್ಲಿಪ್ ಹಾಕಿದರೆ ಚಂದ ಉಂಟು ಹೇಳಬೇಕು. ಎಲ್ಲರೂ ನಕ್ಕ ಮೇಲೆ ನಗಬೇಕು, ಮೊದಲು ಅಲ್ಲ. ಬೆಕ್ಕಿನ ವಿಷಯ ದಿನಕ್ಕೆ ಒಂದು ಸಲ ಮಾತ್ರ.’ ಬೇರೆ ಮಕ್ಕಳಿಗೆ ತನ್ನಷ್ಟಕ್ಕೆ ಬರುವುದನ್ನು ಇವಳು ಪಾಠದ ಹಾಗೆ ಬಾಯಿಪಾಠ ಮಾಡುತ್ತಿದ್ದಳು. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ, ಮುಖವಾಡ ಹಾಕಿಕೊಂಡು ಬದುಕುವುದು. ಹುಡುಗರೂ ಮಾಡುತ್ತಾರೆ, ಹುಡುಗಿಯರಲ್ಲಿ ಜಾಸ್ತಿ ಕಾಣುತ್ತದೆ. ‘ನಗುತ್ತಾ ಮಾತಾಡು, ಅತ್ತೆಗೆ ನಮಸ್ಕಾರ ಮಾಡು, ಕಾಲು ಸರಿ ಇಟ್ಟು ಕೂತ್ಕೋ’ ಎಂದು ನಾವು ಹುಡುಗಿಯರಿಗೆ ದಿನಾ ತರಬೇತಿ ಕೊಡುತ್ತೇವಲ್ಲ! ಹುಡುಗ ಮೂಲೆಯಲ್ಲಿ ಕೂತರೆ ‘ಏನೋ ತೊಂದರೆ ಉಂಟು’ ಎನ್ನುತ್ತೇವೆ. ಹುಡುಗಿ ಕೂತರೆ ‘ನಾಚಿಕೆ’ ಎನ್ನುತ್ತೇವೆ.

ಹಾಗಾದರೆ ಏನನ್ನು ನೋಡಬೇಕು? ಶಾಲೆಯಲ್ಲಿ ಒಳ್ಳೆಯವಳು, ಮನೆಗೆ ಬಂದು ಕುಸಿಯುತ್ತಾಳೆ ಎಂದರೆ ಅದೇ ದೊಡ್ಡ ಸುಳಿವು. ಕೆಲವರು ನನ್ನ ಮಗಳ ಹಾಗೆ ಮೌನವಾಗುತ್ತಾರೆ, ಕೆಲವರು ಸಣ್ಣ ವಿಷಯಕ್ಕೆ ಕಿರುಚಿ ಅಳುತ್ತಾರೆ.

ಗೆಳತಿಯರ ಲೆಕ್ಕವನ್ನೂ ನೋಡಿ. ‘ಫ್ರೆಂಡ್ಸ್ ಇದ್ದಾರೆ’ ಎಂದರೆ ಸಾಲದು. ಒಬ್ಬಳೇ ಗೆಳತಿಗೆ ಅಂಟಿಕೊಂಡು, ಅವಳ ನಡಿಗೆ, ನಗು, ಮಾತು ಎಲ್ಲವನ್ನೂ ನಕಲು ಮಾಡುತ್ತಿದ್ದಾಳಾ? ಆ ಗೆಳತಿ ರಜೆ ಹಾಕಿದ ದಿನ ಊಟದ ಹೊತ್ತಲ್ಲಿ ಎಲ್ಲಿರುತ್ತಾಳೆ?

ಆಸಕ್ತಿಯ ವಿಷಯದಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಚಕ್ರ, ರೈಲು ಎಂದರೆ ಆಟಿಸಂ ನೆನಪಾಗುತ್ತದೆ. ಹುಡುಗಿಯರ ಆಸಕ್ತಿ ಬೆಕ್ಕು, ಗೊಂಬೆ, ಕಥೆಪುಸ್ತಕ, ಯಾರೋ ಒಬ್ಬ ನಟಿ ಹೀಗೆ ಇರಬಹುದು. ವಿಷಯ ಮಾಮೂಲಿ, ತೀವ್ರತೆ ಮಾಮೂಲಿ ಅಲ್ಲ. ನನ್ನ ಮಗಳ ಹತ್ತಿರ ನಮ್ಮ ಕೇರಿಯ ಬೆಕ್ಕುಗಳ ಮೂರು ತಲೆಮಾರಿನ ವಂಶಾವಳಿ ಇತ್ತು. ಯಾವ ಮರಿ ಯಾವ ಮಳೆಗಾಲದಲ್ಲಿ ಹುಟ್ಟಿದ್ದು ಎಂದು ತಾರೀಕು ಸಮೇತ.

ಇನ್ನು ಇಂದ್ರಿಯಗಳ ಸೂಕ್ಷ್ಮತೆ. ನಮ್ಮೂರಿನಲ್ಲಿ ಇದನ್ನು ನೋಡಲು ಅವಕಾಶ ಧಾರಾಳ. ಮಳೆಗೆ ಒದ್ದೆಯಾದ ಸಾಕ್ಸು ಅವಳಿಗೆ ಹಿಂಸೆಯಾ? ಬಸ್ಸಿನ ಹಾರ್ನಿಗೆ, ಭೂತಕೋಲದ ಗರ್ನಾಲು ಪಟಾಕಿಗೆ, ಚೆಂಡೆಗೆ ಕಿವಿ ಮುಚ್ಚುತ್ತಾಳಾ? ಮಲ್ಲಿಗೆ ಮುಡಿಸಿದರೆ ತಲೆನೋವು, ವಾಂತಿ ಅನ್ನುತ್ತಾಳಾ? ಊಟ ಎಂದರೆ ಕುಚ್ಚಲಕ್ಕಿ ಗಂಜಿ, ಅದೂ ಅದೇ ಬಟ್ಟಲಲ್ಲಿ ಮಾತ್ರವಾ? ಮಳೆ ಜೋರಾಗಿ ಬೆಳಗ್ಗೆ ದಿಢೀರ್ ರಜೆ ಘೋಷಣೆ ಆದರೆ ಊರಿನ ಮಕ್ಕಳೆಲ್ಲ ಕುಣಿಯುತ್ತಾರೆ. ನನ್ನ ಮಗಳು ಬ್ಯಾಗ್ ಹಿಡಿದುಕೊಂಡು ಅಳುತ್ತಿದ್ದಳು. ಶಾಲೆ ಇಷ್ಟ ಎಂದಲ್ಲ. ಮಂಗಳವಾರ ಎಂದರೆ ಹೀಗೆ ಎಂದು ತಲೆಯಲ್ಲಿ ಜೋಡಿಸಿಟ್ಟದ್ದು ಕುಸಿದು ಹೋಗಿರುತ್ತಿತ್ತು.

ಕರಾವಳಿಯವರು ಗಮನಿಸಬೇಕಾದ ಇನ್ನೊಂದು ವಿಷಯ ಭಾಷೆ. ಆಟಿಸಂ ಇರುವ ಕೆಲವು ಮಕ್ಕಳು ಪುಸ್ತಕದ ಹಾಗೆ ಮಾತಾಡುತ್ತಾರೆ. ಬೇರೆ ಊರಲ್ಲಾದರೆ ಅದು ಎದ್ದು ಕಾಣುತ್ತದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ನಮ್ಮ ಮಕ್ಕಳ ಕನ್ನಡವೇ ಸ್ವಲ್ಪ ಗ್ರಂಥ ಕನ್ನಡ. ಹಾಗಾಗಿ ಯಾರಿಗೂ ವಿಶೇಷ ಅನಿಸುವುದಿಲ್ಲ. ಮನೆಮಾತಿನಲ್ಲಿ ಅಜ್ಜಿಯ ಜೊತೆ ಹೇಗೆ ಮಾತಾಡುತ್ತಾಳೆ ನೋಡಿ. ಅಲ್ಲೂ ಪುಸ್ತಕದ ಧಾಟಿಯೇ, ಅಥವಾ ಕಾರ್ಟೂನಿನ ಇಂಗ್ಲಿಷೇ ಬರುತ್ತಿದೆ ಎಂದರೆ ಬರೆದಿಟ್ಟುಕೊಳ್ಳಿ.

ಇವುಗಳಲ್ಲಿ ಒಂದೆರಡು ಕಂಡ ಕೂಡಲೇ ಹೆದರಬೇಡಿ. ನಾಚಿಕೆ ಸ್ವಭಾವದ ಮಕ್ಕಳೂ ಇರುತ್ತಾರೆ. ಚಿಕ್ಕಂದಿನಿಂದಲೂ ಇದೆಯಾ, ಹಲವು ಸೇರಿಕೊಂಡಿವೆಯಾ, ಅವಳಿಗೆ ದಿನ ತಳ್ಳುವುದೇ ಕಷ್ಟವಾಗುತ್ತಿದೆಯಾ ಎನ್ನುವುದು ಮುಖ್ಯ. ಎಷ್ಟೋ ಹುಡುಗಿಯರಲ್ಲಿ 5ನೇ ಕ್ಲಾಸಿನ ತನಕ ಹೇಗೋ ನಡೆಯುತ್ತದೆ. ಹೈಸ್ಕೂಲಿಗೆ ಹೋಗುವಾಗ, ಮುಟ್ಟು ಶುರುವಾಗುವ ಹೊತ್ತಿಗೆ, ಗೆಳತಿಯರ ಗುಸುಗುಸು, ಗುಂಪು, ಸುತ್ತುಬಳಸಿನ ಮಾತು ಎಲ್ಲ ಒಟ್ಟಿಗೆ ಬಂದಾಗ ಮುಖವಾಡ ಒಡೆಯುತ್ತದೆ.

ಎರಡನೇ ಹೆಜ್ಜೆ: 2 ವಾರ ಬರೆಯಿರಿ

ಒಂದು 100 ಪುಟದ ಪುಸ್ತಕ ಸಾಕು. ದಿನಾ ನಾಲ್ಕು ಸಾಲು. ಏನಾಯಿತು, ಅದಕ್ಕೆ ಮೊದಲು ಏನಿತ್ತು, ಎಷ್ಟು ಹೊತ್ತು ಇತ್ತು, ಹೇಗೆ ಸರಿಯಾಯಿತು. ‘ತುಂಬಾ ಹಠ’ ಎಂದು ಬರೆಯಬೇಡಿ. ‘ಅನ್ನದ ಬಟ್ಟಲು ಬದಲಾಯಿತು, 40 ನಿಮಿಷ ಅತ್ತಳು, ಹಳೆ ಬಟ್ಟಲು ಕೊಟ್ಟ ಮೇಲೆ ಊಟ ಮಾಡಿದಳು’ ಎಂದು ಬರೆಯಿರಿ. ಡಾಕ್ಟರಿಗೆ ಇದರಿಂದ ಉಪಯೋಗ.

ಚಿಕ್ಕಂದಿನ ನೆನಪುಗಳಿಗೆ ಬೇರೆ ಪುಟ ಇಡಿ. ತಾಯಿ ಕಾರ್ಡ್ ಹುಡುಕಿ. ಯಾವಾಗ ನಡೆದಳು, ಮೊದಲ ಮಾತು ಯಾವಾಗ, ಬೆರಳು ತೋರಿಸಿ ಕೇಳುತ್ತಿದ್ದಳಾ, ಗೊಂಬೆ ಇಟ್ಟು ಆಡುತ್ತಿದ್ದಳಾ ಅಥವಾ ಸಾಲಾಗಿ ಜೋಡಿಸುತ್ತಿದ್ದಳಾ. ಅಜ್ಜಿಯರನ್ನು ಕೇಳಿ, ಅವರಿಗೆ ನಮಗಿಂತ ಜಾಸ್ತಿ ನೆನಪಿರುತ್ತದೆ. ಹುಟ್ಟುಹಬ್ಬದ ಹಳೆ ವಿಡಿಯೋ ಇದ್ದರೆ ಮೊಬೈಲಿನಲ್ಲಿ ತೆಗೆದಿಡಿ. ಅವಳು ಕುಸಿದಿರುವಾಗ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಮಾತ್ರ ಬೇಡ. ದೊಡ್ಡ ಹುಡುಗಿಯಾದರೆ ಕೇಳಿಯೇ ವಿಡಿಯೋ ಮಾಡಿ. ಅವಳೇ ಬರೆದು ಕೊಡುತ್ತೇನೆ ಎಂದರೆ ಇನ್ನೂ ಒಳ್ಳೆಯದು.

ಮೂರನೇ ಹೆಜ್ಜೆ: ಟೀಚರನ್ನು ಬೇರೆ ಥರ ಕೇಳಿ

‘ಕ್ಲಾಸಲ್ಲಿ ಹೇಗಿದ್ದಾಳೆ?’ ಎಂದರೆ ‘ಏನೂ ಕಂಪ್ಲೇಂಟ್ ಇಲ್ಲ ಅಮ್ಮ’ ಎನ್ನುತ್ತಾರೆ. ಅವರ ತಪ್ಪಲ್ಲ, ಗಲಾಟೆ ಮಾಡದ ಮಗು 50 ಮಕ್ಕಳ ಕ್ಲಾಸಿನಲ್ಲಿ ಕಾಣುವುದಿಲ್ಲ. ಹೀಗೆ ಕೇಳಿ: ಇಂಟರ್‌ವೆಲ್ಲಿನಲ್ಲಿ ಯಾರ ಜೊತೆ ಇರುತ್ತಾಳೆ? ನೀವೇ ಗುಂಪು ಮಾಡಿ ಎಂದಾಗ ಅವಳನ್ನು ಯಾರು ಸೇರಿಸಿಕೊಳ್ಳುತ್ತಾರೆ? ಅರ್ಥವಾಗದಿದ್ದರೆ ಕೇಳುತ್ತಾಳಾ, ಪಕ್ಕದವಳನ್ನು ನೋಡಿ ಮಾಡುತ್ತಾಳಾ? ಆಗಾಗ ಹೊಟ್ಟೆನೋವು ಎನ್ನುತ್ತಾಳಾ? ನನ್ನ ಮಗಳ ಪಿ.ಟಿ. ಟೀಚರ್ ಸ್ವಲ್ಪ ಯೋಚಿಸಿ, ‘ಆಟದ ಪಿರಿಯಡ್‌ನಲ್ಲಿ ಯಾವಾಗಲೂ ನೀರಿನ ಟ್ಯಾಂಕಿನ ಹತ್ತಿರ ನಿಂತಿರ್ತಾಳೆ’ ಎಂದರು. ಮೂರು ವರ್ಷದಿಂದ ಹಾಗೆಯೇ ನಿಲ್ಲುತ್ತಿದ್ದಳಂತೆ.

ನಾಲ್ಕನೇ ಹೆಜ್ಜೆ: ಎಲ್ಲಿಗೆ ಹೋಗುವುದು

ಆಟಿಸಂ ಗುರುತಿಸಲು ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಕ್ಕಳ ಬೆಳವಣಿಗೆಯ ತಜ್ಞರು, ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್ ಇವರು ನೋಡಿ, ಮಾತಾಡಿಸಿ, ಮನೆಯವರನ್ನು ಕೇಳಿ ಹೇಳಬೇಕು. ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದವರಾ ಎಂದು ಕೇಳಲು ಸಂಕೋಚ ಬೇಡ.

ಮಂಗಳೂರಿನವರಿಗೆ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆ, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಹತ್ತಿರ. ಖರ್ಚೂ ಕಡಿಮೆ. ಮಣಿಪಾಲ, ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ, ಮಕ್ಕಳ ವಿಭಾಗ, ವಾಕ್ ಶ್ರವಣ ವಿಭಾಗ ಎಲ್ಲ ಒಂದೇ ಕಡೆ ಸಿಗುತ್ತವೆ. ಗೊಂದಲ ಉಳಿದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. 18 ವರ್ಷದವರೆಗಿನ ಮಕ್ಕಳನ್ನು ಅವರು ಮುಂದಕ್ಕೆ ಕಳಿಸಿಕೊಡುತ್ತಾರೆ.

ಹೋಗುವ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ‘ಮಾತು ಚೆನ್ನಾಗಿ ಬರುವ, ಓದಿನಲ್ಲಿ ಮುಂದಿರುವ ದೊಡ್ಡ ಹುಡುಗಿಯ ಆಟಿಸಂ ಪರೀಕ್ಷೆ ಮಾಡುತ್ತೀರಾ?’ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಮಾತಾಡಿಸುವುದು ಅವಳ ಮನೆಮಾತಿನಲ್ಲೇ ಆಗಲಿ ಎಂದೂ ಕೇಳಿಕೊಳ್ಳಿ.

ಐದನೇ ಹೆಜ್ಜೆ: ಡಾಕ್ಟರ ಎದುರು ಏನು ಹೇಳಬೇಕು

ನಾವು ಮೊದಲು ಹೋದ ಕಡೆ 10 ನಿಮಿಷ ಮಾತಾಡಿಸಿದರು. ‘ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾಳಲ್ಲ, ಮಾರ್ಕ್ಸೂ ಒಳ್ಳೆಯದುಂಟು, ಆಟಿಸಂ ಎಂಥದು? ನೀವೇ ಜಾಸ್ತಿ ಯೋಚನೆ ಮಾಡ್ತೀರಿ’ ಎಂದು ಕಳಿಸಿದರು. ವಾಪಸ್ ಬರುವಾಗ ರಿಕ್ಷಾದಲ್ಲಿ ಮಗಳು ಮೆಲ್ಲಗೆ ಹೇಳಿದಳು, ‘ಅಮ್ಮಾ, ನಾನು ಅವರ ಹುಬ್ಬು ನೋಡ್ತಾ ಇದ್ದೆ. ಕಣ್ಣು ನೋಡಿದರೆ ಮಾತು ಕೇಳುವುದಿಲ್ಲ.’ ಇದು ಒಳಗೆ ಹೇಳಬೇಕಾದ ಮಾತಾಗಿತ್ತು. ಅಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ.

ಆದ್ದರಿಂದ ಪುಸ್ತಕ ತೆಗೆದು ಮೇಜಿನ ಮೇಲಿಡಿ. ಮೊದಲ ವಾಕ್ಯವೇ ಹೀಗಿರಲಿ: ‘ಇವಳು ಹೊರಗೆ ತುಂಬ ಚೆನ್ನಾಗಿ ನಿಭಾಯಿಸುತ್ತಾಳೆ, ಮನೆಯಲ್ಲಿ ಅದರ ಬೆಲೆ ತೆರುತ್ತಾಳೆ. ಅದನ್ನು ತೋರಿಸಲು ಬಂದಿದ್ದೇನೆ.’ ಒಮ್ಮೆ ಅವಳನ್ನು ಒಬ್ಬಳೇ ಮಾತಾಡಿಸಲು ಹೇಳಿ, ಒಮ್ಮೆ ನೀವು ಒಬ್ಬರೇ ಮಾತಾಡಿ.

ನಮ್ಮ ದೇಶದಲ್ಲಿ ಬಳಸುವ ಒಂದು ಮಾಪನಕ್ಕೆ ಐಎಸ್‌ಎಎ ಎನ್ನುತ್ತಾರೆ. ಅದರಲ್ಲಿ 40 ಅಂಶಗಳಿವೆ. ಪ್ರತಿಯೊಂದು ಎಷ್ಟು ಸಲ ಕಾಣುತ್ತದೆ ಎಂದು 1ರಿಂದ 5ರ ತನಕ ಅಂಕ. ಒಟ್ಟು 70 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆಟಿಸಂ ಎಂದು ಲೆಕ್ಕ. ಕಣ್ಣು ಕೊಟ್ಟು ನೋಡದಿರುವುದು, ನಗದಿರುವುದು, ಜನರ ಜೊತೆ ಬೆರೆಯದಿರುವುದು ಇಂಥ ಅಂಶಗಳು ಅದರಲ್ಲಿವೆ. ಇಲ್ಲಿಯೇ ಎಚ್ಚರ ಬೇಕು. ‘ನಗುತ್ತಾಳಾ?’ ಎಂದರೆ ನಾವು ಅಭಿಮಾನದಿಂದ ‘ಹೌದು, ಹೌದು’ ಎಂದುಬಿಡುತ್ತೇವೆ. ಹಾಗೆ ಹೇಳಬೇಡಿ. ‘ನಾವು ಹೇಳಿಕೊಟ್ಟ ಮೇಲೆ ನಗುತ್ತಾಳೆ’, ‘ಕನ್ನಡಿಯ ಎದುರು ಅಭ್ಯಾಸ ಮಾಡಿ ನಗುತ್ತಾಳೆ’, ‘ಮನೆಯಲ್ಲಿ ನಗುವುದಿಲ್ಲ’ ಇವುಗಳಲ್ಲಿ ಯಾವುದು ನಿಜವೋ ಅದನ್ನು ಹೇಳಿ. ಮಾಸ್ಕಿಂಗ್ ಅಳೆಯಲೆಂದೇ 25 ಪ್ರಶ್ನೆಗಳ ಕ್ಯಾಟ್-ಕ್ಯೂ ಎಂಬ ಪ್ರಶ್ನಾವಳಿ ಇದೆ. ಅದರಿಂದ ಆಟಿಸಂ ಇದೆ, ಇಲ್ಲ ಎಂದು ತೀರ್ಮಾನಿಸಲು ಆಗುವುದಿಲ್ಲ. ದೊಡ್ಡ ಹುಡುಗಿಯರಲ್ಲಿ ಮಾತು ಶುರು ಮಾಡಲು ಒಳ್ಳೆಯದು. ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ 16ರಿಂದ 30 ತಿಂಗಳ ಮಕ್ಕಳಿಗೆ ಮಾತ್ರ. ದೊಡ್ಡ ಮಗಳಿಗೆ ಅದನ್ನು ತುಂಬಿಸಿ ‘ಏನೂ ಇಲ್ಲ’ ಎಂದು ಸಮಾಧಾನ ಪಡಬೇಡಿ.

‘ಆತಂಕ’ ಎಂದೋ ‘ಡಿಪ್ರೆಶನ್’ ಎಂದೋ ಹೇಳಿ ಮಾತ್ರೆ ಕೊಟ್ಟರೆ ಅದು ಸುಳ್ಳು ಎಂದುಕೊಳ್ಳಬೇಡಿ. ಎರಡೂ ಒಟ್ಟಿಗೆ ಇರಬಹುದು, ಗಮನ ನಿಲ್ಲದ, ಚಡಪಡಿಕೆಯ ಎಡಿಎಚ್‌ಡಿ ಎಂಬ ಸಮಸ್ಯೆಯೂ ಜೊತೆಗಿರಬಹುದು. ಊಟ ಬಿಟ್ಟು ತೀರಾ ಬಡಕಲಾದ ಹುಡುಗಿಯರಲ್ಲೂ ಕೆಲವರಿಗೆ ಆಟಿಸಂ ಇರುವುದು ಕಂಡುಬಂದಿದೆ. ‘ಈ ಆತಂಕದ ಕೆಳಗೆ ಆಟಿಸಂ ಇರಬಹುದಾ, ಅದನ್ನೂ ನೋಡುತ್ತೀರಾ?’ ಎಂದು ಕೇಳಿ. ಇಲ್ಲ ಎಂದರೆ ಯಾಕೆ ಇಲ್ಲ ಎಂದು ಬರೆದುಕೊಡಲು ಹೇಳಿ. ಆ ಚೀಟಿ ಹಿಡಿದು ಇನ್ನೊಬ್ಬರ ಹತ್ತಿರ ಹೋಗಿ. ನಾವು ಹಾಗೆಯೇ ಹೋದೆವು. ಎರಡನೇ ಕಡೆ ಮೂರು ದಿನ, ಬೇರೆ ಬೇರೆ ಹೊತ್ತು ಮಾತಾಡಿಸಿದರು. ಬೆಕ್ಕಿನ ವಂಶಾವಳಿ ತರಿಸಿ ನೋಡಿದರು.

ವರದಿ ಕೈಗೆ ಬಂದ ಮೇಲೆ

ಯಾರಾದರೂ ‘ಪೂರ್ತಿ ಗುಣ ಮಾಡುತ್ತೇವೆ’ ಎಂದರೆ, ಸ್ಟೆಮ್ ಸೆಲ್ ಎಂದರೆ, ಎದ್ದು ಬನ್ನಿ. ಆಟಿಸಂಗೆ ಅದು ಸಾಬೀತಾದ ಚಿಕಿತ್ಸೆ ಅಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ ಅದರಲ್ಲಿ ಇದೆ, ಸರ್ಕಾರಿ ಕಾಗದಗಳಲ್ಲಿ ‘ಸ್ವಲೀನತೆ’ ಎಂದೂ ಬರೆಯುತ್ತಾರೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಅದೇ ಕಾಯ್ದೆಯಲ್ಲಿವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40 ಪ್ರತಿಶತ ಅಂಗವೈಕಲ್ಯ ಇದೆ ಎಂದು ಪ್ರಮಾಣಪತ್ರ ಬೇಕು. ಕಾರ್ಡ್ ಬೇಕೋ ಬೇಡವೋ ಎನ್ನುವುದರಲ್ಲಿ ಮಗಳ ಮಾತನ್ನೂ ಕೇಳಿ. ‘ಮುಂದೆ ಮದುವೆಗೆ ತೊಂದರೆ ಆಗ್ತದೆ’ ಎಂದು ವರದಿಯನ್ನು ಗೋದ್ರೇಜಿನಲ್ಲಿ ಇಟ್ಟು ಬೀಗ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಎಸ್ಸೆಸ್ಸೆಲ್ಸಿಯಲ್ಲಿ ಸಿಗಬೇಕಾದ ಸಮಯ ಅವಳಿಗೆ ತಪ್ಪುತ್ತದೆ.

ಮನೆಯಲ್ಲಿ ದೊಡ್ಡ ಕ್ರಾಂತಿ ಬೇಡ. ಶಾಲೆಯಿಂದ ಬಂದ ಮೇಲೆ ಒಂದು ಗಂಟೆ ಯಾರೂ ಮಾತಾಡಿಸುವುದಿಲ್ಲ ಎಂದು ನಮ್ಮಲ್ಲಿ ನಿಯಮ. ಚಾ ಬಾಗಿಲ ಹತ್ತಿರ ಇಡುತ್ತೇನೆ. ಮಳೆಗಾಲದಲ್ಲಿ ಬ್ಯಾಗಿನಲ್ಲಿ ಒಣಗಿದ ಸಾಕ್ಸು ಇರುತ್ತದೆ. ರಾತ್ರಿ ಮಳೆ ಜೋರಿದ್ದರೆ ‘ನಾಳೆ ಶಾಲೆ ಇದ್ದರೆ ಹೀಗೆ, ರಜೆ ಆದರೆ ಹೀಗೆ’ ಎಂದು ಎರಡು ಪಟ್ಟಿ ಬರೆದಿಟ್ಟು ಮಲಗುತ್ತಾಳೆ. ಮದುವೆಗೆ ಹೋಗುವಾಗ ಮಲ್ಲಿಗೆಯ ಬದಲು ಅಬ್ಬಲಿಗೆ, ಅದಕ್ಕೆ ಪರಿಮಳ ಇಲ್ಲ. ಅದನ್ನು ಹುಡುಕಿದ್ದು ನನ್ನ ಅತ್ತೆ.

ಇದೊಂದನ್ನು ಮಾತ್ರ ಮರೆಯಬೇಡಿ. ಮುಖವಾಡ ಹಾಕಿ ಬೆಳೆದ ಹುಡುಗಿ ಇಷ್ಟವಿಲ್ಲದ್ದಕ್ಕೂ ‘ಆಯ್ತು’ ಎನ್ನಲು ಕಲಿತಿರುತ್ತಾಳೆ. ಅದು ಅಪಾಯ. ನೆಂಟರು ಕೆನ್ನೆ ಚಿವುಟಲು ಬಂದರೂ ‘ಬೇಡ’ ಎನ್ನುವ ಹಕ್ಕು ಅವಳಿಗಿದೆ ಎಂದು ಕಲಿಸಿ, ಅವಳು ಹಾಗೆ ಹೇಳಿದಾಗ ಅವಳ ಪರ ನಿಲ್ಲಿ. ಮಕ್ಕಳ ಸಹಾಯವಾಣಿ 1098. ಮಾಸ್ಕಿಂಗ್ ಜಾಸ್ತಿ ಇರುವವರಲ್ಲಿ ಸಾಯುವ ಯೋಚನೆಯೂ ಜಾಸ್ತಿ ಎಂದು ಅಧ್ಯಯನಗಳು ತೋರಿಸಿವೆ. ‘ನಾನು ಇರಬಾರದಿತ್ತು’ ಎಂಬ ಮಾತು ಕೇಳಿದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇದನ್ನು ಓದುತ್ತ ‘ಇದು ನನ್ನದೇ ಕಥೆ’ ಅನಿಸಿದ ಅಮ್ಮಂದಿರಿಗೆ

ಮಗಳ ಪರೀಕ್ಷೆಗೆ ಹೋಗಿ ತನ್ನನ್ನೇ ಕಂಡುಕೊಂಡ ಹೆಂಗಸರು ತುಂಬ ಇದ್ದಾರೆ. ದೊಡ್ಡವರಿಗೂ ಪರೀಕ್ಷೆ ಮಾಡಬಹುದು, ಮನೋವೈದ್ಯರ ಹತ್ತಿರ ಹೋಗಬೇಕು. ಚಿಕ್ಕಂದಿನಲ್ಲೇ ಇತ್ತು ಎಂದು ತೋರಿಸುವುದೇ ಕಷ್ಟದ ಕೆಲಸ. ಶಾಲೆಯ ಪ್ರಗತಿ ಪತ್ರ ಇದ್ದರೆ ಹುಡುಕಿ, ಅದರಲ್ಲಿ ಟೀಚರ್ ಬರೆದ ಒಂದು ಸಾಲು ಸಿಗಬಹುದು. ಅಮ್ಮ ಇದ್ದರೆ ಅಮ್ಮನ ಹತ್ತಿರ, ಇಲ್ಲದಿದ್ದರೆ ದೊಡ್ಡಮ್ಮನ ಹತ್ತಿರ ಹೋಗಿ ಕೂತುಕೊಳ್ಳಿ. ‘ನಾನು 6 ವರ್ಷದವಳಿದ್ದಾಗ ಏನು ಆಡುತ್ತಿದ್ದೆ? ಯಾರ ಜೊತೆ? ಏನು ಕಂಡರೆ ಅಳುತ್ತಿದ್ದೆ?’ ಎಂದು ಕೇಳಿ. ‘ನೀನಾ? ನೀನು ಪಾಪದ ಹುಡುಗಿ’ ಎಂದು ಶುರು ಮಾಡುತ್ತಾರೆ. ಅಲ್ಲಿಗೆ ನಿಲ್ಲಿಸಬೇಡಿ, ‘ಪಾಪ ಅಂದರೆ ಹೇಗೆ?’ ಎಂದು ಮುಂದಕ್ಕೆ ಕೇಳಿ, ಅವರು ಹೇಳಿದ್ದನ್ನು ತಾರೀಕು ಹಾಕಿ ಬರೆದಿಟ್ಟುಕೊಳ್ಳಿ.